ನಾಣ್ಯ ಬದಿಗಿಡಿ, ದಾಳ ಹಿಡಿಯಿರಿ: ತರಗತಿಯಲ್ಲಿ ಅರ್ಧಾಯು ತೋರಿಸುವ ಬಗೆ

ವಿಕಿರಣಶೀಲ ವಸ್ತುವಿನ ನ್ಯೂಕ್ಲಿಯಸ್‌ಗಳಲ್ಲಿ ಅರ್ಧದಷ್ಟು ಕ್ಷಯವಾಗಿ ಬೇರೆ ಧಾತುವಿನವಾಗಲು ಹಿಡಿಯುವ ಸಮಯವೇ ಅರ್ಧಾಯು. ‘ಅರ್ಧಾಯು’ ಎಂಬ ಪದದಲ್ಲೇ ಮೊದಲ ತೊಡಕು ಇದೆ. ಆಯುಷ್ಯ ಅಂದರೆ ನಮ್ಮ ಮಾತಿನಲ್ಲಿ ಸವೆಯುವಂಥದ್ದು, ಒಂದು ದಿನ ಮುಗಿಯುವಂಥದ್ದು. ಹಾಗಾಗಿ ವಿಕಿರಣಶೀಲ ಅಯೋಡಿನ್-131ರ ಅರ್ಧಾಯು 8 ದಿನ ಎಂದು ಹಲಗೆಯ ಮೇಲೆ ಬರೆದ ಕೂಡಲೇ ಮಕ್ಕಳ ತಲೆಯಲ್ಲಿ ‘ಹಾಗಾದರೆ 16 ದಿನಕ್ಕೆ ಪೂರ್ತಿ ಖಾಲಿ’ ಎಂಬ ಲೆಕ್ಕ ಓಡಿಬಿಡುತ್ತದೆ. ಸೂತ್ರ ಬಾಯಿಪಾಠ ಮಾಡಿಸಿದರೆ ಪಿಯುಸಿ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಈ ತಪ್ಪು ಲೆಕ್ಕ ಮಾತ್ರ ಒಳಗೇ ಉಳಿಯುತ್ತದೆ. ಅದನ್ನು ಕೀಳಬೇಕಾದರೆ ಮಕ್ಕಳ ಕೈಗೆ ಸಾಮಾನು ಕೊಡಬೇಕು. ದಾವಣಗೆರೆ, ಚಿತ್ರದುರ್ಗದ ಕಡೆ ಯಾವುದೇ ಕಾಲೇಜಿನಲ್ಲಿ ಹೊಂದಿಸಿಕೊಳ್ಳಬಹುದಾದ ಸಾಮಾನಿನಿಂದ ಇದನ್ನು ಹೇಗೆ ಮಾಡುವುದು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆದಿದೆ.

ಎಲ್ಲರೂ ಮೊದಲು ಹಿಡಿಯುವುದು ನಾಣ್ಯ. ನೂರು ನಾಣ್ಯ ಚೆಲ್ಲಿ, ತಲೆಯ ಮುಖ ಮೇಲಾಗಿ ಬಿದ್ದವನ್ನು ತೆಗೆದು, ಉಳಿದವನ್ನು ಮತ್ತೆ ಚೆಲ್ಲುವುದು. ಇದನ್ನು ಬಿಡುವುದೇ ಒಳ್ಳೆಯದು. ನಾಣ್ಯದಲ್ಲಿ ಒಂದು ಎಸೆತವೇ ಒಂದು ಅರ್ಧಾಯು. ಹಾಗಾಗಿ ‘ಪ್ರತಿ ಸಲ ಅರ್ಧ ಹೋಗುತ್ತದೆ’ ಎನ್ನುವುದು ಆಟದ ನಿಯಮವೆಂದೇ ಮಕ್ಕಳಿಗೆ ಕಾಣುತ್ತದೆ. ಅರ್ಧಾಯು ಎಂಬುದು ಲೆಕ್ಕದಿಂದ ತಾನಾಗಿ ಹೊಮ್ಮುವ ಸಂಖ್ಯೆ, ಯಾರೂ ಇಟ್ಟ ನಿಯಮವಲ್ಲ. ಅದು ಕಾಣಬೇಕಾದರೆ ಒಂದೊಂದು ಎಸೆತಕ್ಕೆ ಅರ್ಧಕ್ಕಿಂತ ಬಹಳ ಕಡಿಮೆ ಹೋಗುವ ವಸ್ತು ಬೇಕು. ದಾಳ ಅದಕ್ಕೆ ಸರಿ.

ನಲವತ್ತು ಮಕ್ಕಳ ತರಗತಿಗೆ 240 ದಾಳ ಸಾಕು. ಐದೈದು ಮಕ್ಕಳ ಎಂಟು ಗುಂಪು, ಗುಂಪಿಗೆ 30 ದಾಳ. ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ದಾಳವೇ ನಡೆಯುತ್ತದೆ. ಬಡಗಿಯ ಹತ್ತಿರ ಮರದ ತುಂಡು ಕೊಯ್ಯಿಸಿ ಒಂದು ಮುಖಕ್ಕೆ ಬಣ್ಣ ಹಚ್ಚಿದರೂ ಆದೀತು, ಆದರೆ ಆರೂ ಮುಖ ಚೌಕವಾಗಿರಬೇಕು. ಒಂದು ಬದಿ ಎರಡು ಮಿಲಿಮೀಟರ್ ಉದ್ದವಾದರೂ ಲೆಕ್ಕ ವಾಲುತ್ತದೆ. ಮೊದಲೇ ಪರೀಕ್ಷಿಸಿಕೊಳ್ಳಿ: ಅಷ್ಟೂ ದಾಳವನ್ನು ಐದು ಸಲ ಚೆಲ್ಲಿ ‘ಒಂದು’ ಎಷ್ಟು ಸಲ ಬಿತ್ತೆಂದು ಎಣಿಸಿ. 1200ರಲ್ಲಿ 200 ಬರಬೇಕು. 175ರಿಂದ 225ರೊಳಗೆ ಇದ್ದರೆ ಚಿಂತೆಯಿಲ್ಲ.

ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಒಳಗೆ ದಪ್ಪ ಬಟ್ಟೆ ಹಾಸಿದ ಪರಾತಕ್ಕೆ ಸುರಿಯಬೇಕು. ಬಟ್ಟೆ ಇಲ್ಲದಿದ್ದರೆ ದಾಳ ಪುಟಿದು ಬೆಂಚಿನ ಕೆಳಗೆ ಹೋಗುತ್ತದೆ, ಅರ್ಧ ಪೀರಿಯಡ್ ಹುಡುಕುವುದರಲ್ಲೇ ಕಳೆಯುತ್ತದೆ. ‘ಒಂದು’ ಬಿದ್ದ ದಾಳ ಕ್ಷಯವಾದ ನ್ಯೂಕ್ಲಿಯಸ್. ಅದನ್ನು ತೆಗೆದು, ಆ ಜಾಗಕ್ಕೆ ಒಂದು ಕಡಲೆ ಕಾಳು ಇಡಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬಾರದು. ಕಡಲೆ ಇಡದಿದ್ದರೆ ವಸ್ತುವೇ ಮಾಯವಾಗುತ್ತದೆ, ಒಂದು ಕಿಲೋ ಇದ್ದದ್ದು ಅರ್ಧ ಕಿಲೋ ಆಗುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ನ್ಯೂಕ್ಲಿಯಸ್ ಎಲ್ಲಿಗೂ ಹೋಗುವುದಿಲ್ಲ, ಬೇರೊಂದು ಧಾತುವಿನದಾಗುತ್ತದೆ. ದಾಳ ಮತ್ತು ಕಡಲೆ ಸೇರಿ ಪರಾತದಲ್ಲಿ ಯಾವಾಗಲೂ 30 ಇರಬೇಕು. ಎಣಿಕೆ ತಪ್ಪಿದ್ದರೆ ಅದೂ ಇದರಿಂದಲೇ ಗೊತ್ತಾಗುತ್ತದೆ.

ಹತ್ತು ಎಸೆತಕ್ಕೆ ಸುಮಾರು 25 ನಿಮಿಷ ಬೇಕು. ಎಂಟೂ ಗುಂಪಿನ ಎಣಿಕೆ ಕೂಡಿಸಿದರೆ ನಿರೀಕ್ಷೆ ಹೀಗಿರುತ್ತದೆ: 240, 200, 167, 139, 116, 96, 80, 67, 56, 47, 39. ನಿಜವಾಗಿ ಬರುವ ಸಂಖ್ಯೆ ಇದರ ಆಚೀಚೆ ಆಡುತ್ತದೆ. ಮೊದಲ ಎಸೆತದಲ್ಲಿ 40 ಹೋಗಬೇಕಾದ ಕಡೆ 34 ಹೋದರೂ 46 ಹೋದರೂ ಅದು ಸಹಜ. ಏರಿಳಿತ ಸುಮಾರು 6. ಒಂದೊಂದು ಗುಂಪಿನ ಗ್ರಾಫನ್ನೂ ಒಟ್ಟು ಲೆಕ್ಕದ ಗ್ರಾಫನ್ನೂ ಅಕ್ಕಪಕ್ಕ ಅಂಟಿಸಿ. 30 ದಾಳದ್ದು ಮುರಿದ ಮೆಟ್ಟಿಲಿನ ಹಾಗಿರುತ್ತದೆ, 240ರದ್ದು ನಯವಾಗಿ ಇಳಿಯುತ್ತದೆ. ಯಾವ ದಾಳ ಯಾವಾಗ ಹೋಗುತ್ತದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ, ಒಟ್ಟು ಎಷ್ಟು ಹೋಗುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಹೇಳಬಹುದು. ಈ ಎರಡನ್ನೂ ಒಟ್ಟಿಗೆ ನೋಡಿದ ಮಗುವಿಗೆ ಕ್ಷಯ ನಿಯಮದ ಮುಕ್ಕಾಲು ಪಾಠ ಮುಗಿದಂತೆ.

ಚುಕ್ಕಿಗಳನ್ನು ಅಡಿಪಟ್ಟಿಯಿಂದ ಒಂದಕ್ಕೊಂದು ಜೋಡಿಸಲು ಬಿಡಬೇಡಿ, ನಡುವೆ ಹಾಯುವ ನಯವಾದ ಗೆರೆ ಎಳೆಸಿ. ಅರ್ಧಾಯುವನ್ನು ಮೂರು ಕಡೆ ಓದಿಸಿ: 240ರಿಂದ 120ಕ್ಕೆ, 200ರಿಂದ 100ಕ್ಕೆ, 160ರಿಂದ 80ಕ್ಕೆ. ಮೂರೂ ಕಡೆ 3.8 ಎಸೆತದ ಹತ್ತಿರ ಬರುತ್ತದೆ. ಎಲ್ಲಿಂದ ಶುರುಮಾಡಿದರೂ ಅದೇ ಸಂಖ್ಯೆ ಬರುವುದೇ ಇಲ್ಲಿ ನೋಡಬೇಕಾದ್ದು. ಆಮೇಲೆ ಲಾಗ್ ಟೇಬಲ್ ತೆಗೆಸಿ, ಉಳಿದ ಸಂಖ್ಯೆಯ ಲಾಗ್ ಹಾಕಿಸಿದರೆ ನೇರ ಗೆರೆ. ಅದರ ಇಳಿಜಾರಿನಿಂದ 2ರ ಲಾಗ್ ಆದ 0.301ನ್ನು ಭಾಗಿಸಿದರೆ ಅರ್ಧಾಯು. ಹತ್ತಕ್ಕಿಂತ ಕಡಿಮೆ ಉಳಿದ ಮೇಲಿನ ಚುಕ್ಕಿಗಳನ್ನು ಲಾಗ್ ಗ್ರಾಫಿಗೆ ಸೇರಿಸಬೇಡಿ. ಅಲ್ಲಿ ಒಂದು ದಾಳ ಹೆಚ್ಚುಕಡಿಮೆಯಾದರೂ ಗೆರೆ ಎತ್ತಲೋ ತಿರುಗುತ್ತದೆ.

ಚುರುಕಾದ ವಿದ್ಯಾರ್ಥಿ ಇಲ್ಲಿ ತಡೆಯುತ್ತಾರೆ. ಕ್ಷಯ ಸ್ಥಿರಾಂಕ, ಅಂದರೆ ಕ್ಷಯದ ಗತಿ ಹೇಳುವ ಸಂಖ್ಯೆ, ಆರರಲ್ಲಿ ಒಂದು, ಸೂತ್ರದ ಪ್ರಕಾರ ಅರ್ಧಾಯು 0.693 ಗುಣಿಸು 6, ಅಂದರೆ 4.16 ಬರಬೇಕು, ಗ್ರಾಫಿನಲ್ಲಿ 3.8 ಯಾಕೆ? ‘ಪ್ರಯೋಗದ ದೋಷ’ ಎಂದು ಈ ಪ್ರಶ್ನೆಯನ್ನು ಮುಚ್ಚಿಹಾಕಬಾರದು. ದಾಳ ಬೀಳುವುದು ಮೆಟ್ಟಿಲು ಮೆಟ್ಟಿಲಾಗಿ, ಸೂತ್ರ ಇರುವುದು ಎಡೆಬಿಡದೆ ನಡೆಯುವ ಕ್ಷಯಕ್ಕೆ. ಆರರಲ್ಲಿ ಒಂದು ಎಂಬುದು ಇಡೀ ಎಸೆತದ ಸಂಭವನೀಯತೆ. ಅದಕ್ಕೆ ಸರಿಹೊಂದುವ ಸ್ಥಿರಾಂಕ 6/5ರ ಸ್ವಾಭಾವಿಕ ಲಾಗರಿದಮ್, ಅಂದರೆ 0.182. ಈಗ 0.693ನ್ನು 0.182ರಿಂದ ಭಾಗಿಸಿ, 3.8 ಸಿಗುತ್ತದೆ. ಸಂಭವನೀಯತೆ ಚಿಕ್ಕದಾದಷ್ಟೂ ಎರಡು ಲೆಕ್ಕ ಹತ್ತಿರವಾಗುತ್ತವೆ: ದಾಳಗಳನ್ನು ಜೋಡಿಯಾಗಿ ಎಸೆದು ಎರಡೂ ‘ಒಂದು’ ಬಿದ್ದರೆ ಮಾತ್ರ ಆ ಜೋಡಿ ತೆಗೆಯುವುದಾದರೆ ಒಂದು 24.6, ಇನ್ನೊಂದು 24.95.

ಇನ್ನು ‘ಆಯು’ ಪದದ ತೊಡಕು. ಇದಕ್ಕೆ ಎರಡು ಬಣ್ಣದ ದಾಳ ಬೇಕು. 240 ಬಿಳಿ ದಾಳವನ್ನು ನಾಲ್ಕು ಸಲ ಎಸೆದು ಉಳಿದವನ್ನು, ಸುಮಾರು 116, ಒಂದು ಕಡೆ ಇಡಿ. ಒಮ್ಮೆಯೂ ಎಸೆಯದ ಕೆಂಪು ದಾಳ ಅಷ್ಟೇ ಸಂಖ್ಯೆಯಲ್ಲಿ ಪಕ್ಕಕ್ಕಿಡಿ. ಯಾವ ಗುಂಪಿನಿಂದ ಹೆಚ್ಚು ಹೋಗುತ್ತದೆ ಎಂದು ಎಸೆಯುವ ಮುಂಚೆಯೇ ಕೈಯೆತ್ತಿಸಿ. ‘ಬಿಳಿಯವು ಹಳೆಯವು, ಅವು ಬೇಗ ಹೋಗಬೇಕು’ ಎನ್ನುವ ಕೈಗಳು ಏಳುತ್ತವೆ. ಎರಡರಿಂದಲೂ 19ರ ಆಸುಪಾಸು ಹೋಗುತ್ತವೆ. ಮೂರು ಸಲ ಮಾಡಿ ಕೂಡಿಸಿದರೆ ಅನುಮಾನಕ್ಕೆ ಎಡೆ ಇರುವುದಿಲ್ಲ. ದಾಳಕ್ಕೆ ವಯಸ್ಸಾಗುವುದಿಲ್ಲ, ನ್ಯೂಕ್ಲಿಯಸ್‌ಗೂ ಆಗುವುದಿಲ್ಲ. ನೂರು ವರ್ಷ ಉಳಿದ ರೇಡಿಯಂ ನ್ಯೂಕ್ಲಿಯಸ್ಸೂ ನಿನ್ನೆ ಹುಟ್ಟಿದ್ದೂ ನಾಳೆಯ ಮಟ್ಟಿಗೆ ಒಂದೇ. ಪಾಠದಲ್ಲಿ ಒಂದೇ ಒಂದು ಪ್ರಾತ್ಯಕ್ಷಿಕೆಗೆ ಸಮಯ ಇರುವುದಾದರೆ ಇದನ್ನೇ ಮಾಡಿ.

ಮೆಕ್ಕೆಜೋಳದ ಕಾಳು ದಾವಣಗೆರೆಯಲ್ಲಿ ಕೈಗೆ ಸಿಗುವ ವಸ್ತು. ಕಾಳಿನ ಒಂದು ಮೈಯಲ್ಲಿ ಬಿಳಿಯ ಮೊಳಕೆಯ ಗುರುತು ಇರುತ್ತದೆ, ಇನ್ನೊಂದು ಮೈ ಬರೀ ಹಳದಿ. ಮೊಳಕೆಯ ಮೈ ಮೇಲ್ಮುಖವಾಗಿ ಬಿದ್ದರೆ ಕ್ಷಯ. ಹಾಗೆಯೇ ಚೌಕಾಬಾರ ಆಡುವ ಹುಣಸೆ ಬೀಜ: ಒಂದು ಮೈಯನ್ನು ಒರಟು ಕಲ್ಲಿಗೆ ಉಜ್ಜಿ ಬಿಳಿ ಕಾಣಿಸಿದರೆ ಆಯಿತು. ಎಪಿಎಂಸಿಯಲ್ಲಿ ಸಿಗುವ ತಿನ್ನುವ ಕಾಳನ್ನೇ ತನ್ನಿ. ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣದ ವಿಷ ಲೇಪಿಸಿರುತ್ತಾರೆ, ಅದು ಮಕ್ಕಳ ಕೈಗೆ ಬರಬಾರದು. ತೆನೆಯ ತುದಿಯ ಗುಂಡು ಕಾಳು ಆರಿಸಿ ತೆಗೆದು ನಡುಭಾಗದ ಚಪ್ಪಟೆ ಕಾಳು ಇಟ್ಟುಕೊಳ್ಳಿ. ಐನೂರು ಕಾಳು ಅಂದಾಜು 150 ಗ್ರಾಂ ತೂಗುತ್ತದೆ. ಒಂದರ ಮೇಲೊಂದು ಬೀಳದಂತೆ ಅಗಲವಾಗಿ ಚೆಲ್ಲಬೇಕು. ಅಂಚಿನ ಮೇಲೆ ನಿಂತ ಕಾಳು ‘ಕ್ಷಯವಾಗಿಲ್ಲ’ ಎಂದು ಮೊದಲೇ ತೀರ್ಮಾನಿಸಿ. ಎಸೆದ ಮೇಲೆ ತೀರ್ಮಾನಿಸಲು ಹೋದರೆ ಗುಂಪಿಗೊಂದು ನಿಯಮವಾಗುತ್ತದೆ.

ಬೀಜದ ಗುಣವೆಂದರೆ ಅದರ ಸಂಭವನೀಯತೆ ಯಾರಿಗೂ ಗೊತ್ತಿಲ್ಲ, ಮೇಷ್ಟರಿಗೂ. ಎಣಿಸಿಯೇ ತಿಳಿಯಬೇಕು. ಹುಣಸೆ ಬೀಜವನ್ನು ಎಷ್ಟು ಉಜ್ಜಿದ್ದೀರಿ ಎಂಬುದರ ಮೇಲೆ ಗರ ಬೀಳುವ ಲೆಕ್ಕ ಬದಲಾಗುವುದರಿಂದ ಒಂದೊಂದು ಗುಂಪಿನ ಬೀಜವೂ ತನ್ನದೇ ಅರ್ಧಾಯು ಇರುವ ಒಂದೊಂದು ಐಸೊಟೋಪ್ ಇದ್ದ ಹಾಗೆ. ಎರಡು ಗುಂಪಿನ ಬೀಜ ಬೆರೆಸಿದರೆ ಲಾಗ್ ಗೆರೆ ನೇರ ಇರದೆ ಬಾಗುತ್ತದೆ: ಮೊದಲು ಬೇಗ ಹೋಗುವವು, ಕೊನೆಗೆ ನಿಧಾನದವು.

ಆದರೆ ಬೀಜಕ್ಕೆ ಒಂದು ದೋಷವಿದೆ, ಅದನ್ನು ತಿಳಿದೇ ಬಳಸಬೇಕು. ಒಂದೇ ರಾಶಿಯ ಬೀಜವೂ ಒಂದರಂತೆ ಒಂದಿಲ್ಲ. ಸುಲಭವಾಗಿ ಮಗುಚುವವು ಮೊದಲ ಎಸೆತಗಳಲ್ಲೇ ಹೋಗುತ್ತವೆ, ಹಟಮಾರಿಗಳು ಉಳಿಯುತ್ತವೆ. ಹಾಗಾಗಿ ಎರಡನೆಯ ಅರ್ಧಾಯು ಮೊದಲನೆಯದಕ್ಕಿಂತ ಉದ್ದ ಬರುತ್ತದೆ, ಮೂರನೆಯದು ಇನ್ನೂ ಉದ್ದ. ಹಳೆಯ-ಹೊಸ ಪರೀಕ್ಷೆಯನ್ನು ಬೀಜದಲ್ಲಿ ಮಾಡಿದರೆ ಈ ವ್ಯತ್ಯಾಸ ಬಯಲಾಗುತ್ತದೆ. ದಾಳ ಮಾಡಿ ಮುಗಿಸಿದ ಮೇಲೆ ಇದನ್ನು ತೋರಿಸಿದರೆ ಒಂದು ದೊಡ್ಡ ಸಂಗತಿ ಕೈಗೆ ಬರುತ್ತದೆ: ಯುರೇನಿಯಂ-238ರ ಅರ್ಧಾಯು ಒಂದೇ ಸಮ ಇರುವುದಕ್ಕೆ ಅದರ ನ್ಯೂಕ್ಲಿಯಸ್‌ಗಳೆಲ್ಲ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಒಂದೇ ಆಗಿರಬೇಕು. ದಾಳಕ್ಕೆ ಮೊದಲೇ ಬೀಜ ಹಿಡಿದರೆ ಮಾತ್ರ ಗೊಂದಲವಾಗುತ್ತದೆ.

ಎಣಿಸುವುದನ್ನು ಬಿಟ್ಟು ಗಡಿಯಾರ ನೋಡುವ ಪ್ರಯೋಗ ಬೇಕಾದರೆ ನೀರು. ಇಲ್ಲೂ ಬಹಳ ಮಂದಿ ಎಡವುತ್ತಾರೆ. ಪ್ಲಾಸ್ಟಿಕ್ ಬಾಟಲಿಯ ಬುಡಕ್ಕೆ ಸೂಜಿಯಿಂದ ತೂತು ಹಾಕಿ, ಮಟ್ಟ 16 ಸೆಂ.ಮೀ.ನಿಂದ 8ಕ್ಕೆ, 8ರಿಂದ 4ಕ್ಕೆ ಇಳಿಯುವ ಸಮಯ ಅಳೆದರೆ ಅವು ಸಮ ಬರುವುದಿಲ್ಲ. ಮೊದಲ ಅರ್ಧಕ್ಕೆ 60 ಸೆಕೆಂಡ್ ಆದರೆ ಎರಡನೆಯದಕ್ಕೆ 42, ಮೂರನೆಯದಕ್ಕೆ 30. ತೂತಿನಿಂದ ಚಿಮ್ಮುವ ವೇಗ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ, ಎತ್ತರಕ್ಕಲ್ಲ. ಹಾಗಾಗಿ ಪ್ರತಿ ಅರ್ಧವೂ ಹಿಂದಿನದರ 0.71ರಷ್ಟು. ಬಾಟಲಿ ಸುಮಾರು 205 ಸೆಕೆಂಡಿಗೆ ನಿಜವಾಗಿಯೇ ಖಾಲಿಯಾಗುತ್ತದೆ. ‘ಪೂರ್ತಿ ಆಯು’ ಇರುವುದು ಇಂಥ ಬಾಟಲಿಗೆ.

ಹರಿವು ಎತ್ತರಕ್ಕೆ ಅನುಪಾತದಲ್ಲಿರಬೇಕಾದರೆ ನೀರು ಸಣ್ಣ, ಉದ್ದ ಕೊಳವೆಯಲ್ಲಿ ತೆವಳಬೇಕು. ರಸಾಯನಶಾಸ್ತ್ರ ಲ್ಯಾಬಿನಿಂದ 50 ಮಿ.ಲೀ. ಬ್ಯುರೆಟ್ (ಅಳತೆಯ ಗೆರೆಗಳಿರುವ ಉದ್ದ ಗಾಜಿನ ಕೊಳವೆ) ತನ್ನಿ. ಅದರ ಮೂತಿಗೆ ರಬ್ಬರ್ ಕೊಳವೆಯಿಂದ 30 ಸೆಂ.ಮೀ. ಉದ್ದದ, 1 ಮಿ.ಮೀ. ಒಳವ್ಯಾಸದ ಗಾಜಿನ ಕ್ಯಾಪಿಲರಿ ಜೋಡಿಸಿ ಅಡ್ಡವಾಗಿ ಇಡಿ. ಕ್ಯಾಪಿಲರಿಯ ತುದಿ ಅಂಚಿನವರೆಗೆ ತುಂಬಿದ ಬೀಕರಿನ ನೀರಿನೊಳಗೆ ಮುಳುಗಿರಲಿ, ಬೀಕರ್ ತುಳುಕಲು ಕೆಳಗೊಂದು ತಟ್ಟೆ ಇರಲಿ. ತುದಿಯನ್ನು ಗಾಳಿಯಲ್ಲಿ ಬಿಟ್ಟರೆ ಕೊನೆಯಲ್ಲಿ ಹನಿ ಕಟ್ಟಿಕೊಂಡು, ಮೇಲ್ಮೈ ಸೆಳೆತದಿಂದ ಹರಿವು ತಡೆಯುತ್ತದೆ. ಬ್ಯುರೆಟ್ ಪಕ್ಕ ಮೀಟರ್ ಸ್ಕೇಲ್ ಕಟ್ಟಿ ಎತ್ತರವನ್ನು ಬೀಕರಿನ ನೀರಿನ ಮಟ್ಟದಿಂದ ಅಳೆಯಿರಿ. ಬ್ಯುರೆಟ್ ಮೇಲಿನ 50ರ ಗೆರೆಯನ್ನೇ ಸೊನ್ನೆ ಎಂದುಕೊಳ್ಳುವುದು ಈ ಪ್ರಯೋಗ ಕೆಡುವ ಮೊದಲ ಕಾರಣ. ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಎರಡನೆಯದು. ಶುರುಮಾಡುವ ಮುಂಚೆ ಒಮ್ಮೆ ಪೂರ್ತಿ ಹರಿಸಿ, ರಬ್ಬರನ್ನು ಬೆರಳಿನಿಂದ ತಟ್ಟಿ ಗುಳ್ಳೆ ಹೊರಡಿಸಿ.

ನೀರು 30 ಡಿಗ್ರಿ ಇದ್ದರೆ 48 ಸೆಂ.ಮೀ.ನಿಂದ 24ಕ್ಕೆ, 24ರಿಂದ 12ಕ್ಕೆ ಇಳಿಯಲು ತಲಾ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಮೊದಲ ಅರ್ಧ ಕೆಲವು ಸೆಕೆಂಡು ಹೆಚ್ಚಿಗೆ ಬರುತ್ತದೆ, ಒತ್ತಡದ ಒಂದು ಪಾಲು ನೀರಿಗೆ ವೇಗ ಕೊಡಲು ಖರ್ಚಾಗುವುದರಿಂದ. ಒಳವ್ಯಾಸ 0.8 ಮಿ.ಮೀ. ಆದರೆ ಅದೇ ನಿಮಿಷ ಎರಡೂವರೆ ನಿಮಿಷವಾಗುತ್ತದೆ, ಯಾಕೆಂದರೆ ಹರಿವು ವ್ಯಾಸದ ನಾಲ್ಕನೆಯ ಘಾತಕ್ಕೆ ಕಟ್ಟುಬಿದ್ದಿದೆ. ಭೌತವಿಜ್ಞಾನಿ ರುದರ್‌ಫರ್ಡ್ 1900ರಲ್ಲಿ ವಿಕಿರಣಶೀಲ ಧಾತುವಾದ ಥೋರಿಯಂನಿಂದ ಹೊರಟ ಅನಿಲದ ವಿಕಿರಣ ಚಟುವಟಿಕೆ ಸುಮಾರು ಒಂದು ನಿಮಿಷಕ್ಕೊಮ್ಮೆ ಅರ್ಧವಾಗುವುದನ್ನು ಗುರುತಿಸಿದರು. ಬ್ಯುರೆಟ್ಟಿನ ಗತಿಯೂ ಹೆಚ್ಚುಕಡಿಮೆ ಅಷ್ಟೇ. ಆ ಅನಿಲ ರೇಡಾನ್-220, ಅದರ ಅರ್ಧಾಯು 55.6 ಸೆಕೆಂಡ್.

ಇದೇ ಪ್ರಯೋಗವನ್ನು 20 ಡಿಗ್ರಿ ನೀರಿನಲ್ಲಿ ಮತ್ತೆ ಮಾಡಿ. ಸ್ನಿಗ್ಧತೆ, ಅಂದರೆ ಹರಿಯಲು ನೀರಿಗಿರುವ ಒಳತಡೆ, ಕಾಲುಭಾಗ ಹೆಚ್ಚುವುದರಿಂದ ನಿಮಿಷದ ಅರ್ಧಾಯು ಸುಮಾರು 75 ಸೆಕೆಂಡಿಗೆ ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಮಾಡಿದ ಪ್ರಯೋಗಕ್ಕೂ ಡಿಸೆಂಬರ್ ಬೆಳಗ್ಗೆ ಮಾಡಿದ್ದಕ್ಕೂ ಉತ್ತರ ಬೇರೆ ಬರುವುದು ಇದರಿಂದಲೇ. ರೇಡಾನನ್ನು ಹಾಗೆ ಕಾಯಿಸಿಯೋ ತಣಿಸಿಯೋ ಒಂದು ಸೆಕೆಂಡೂ ಅಲುಗಿಸಲಾಗದು. ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಲೇಬೇಕು.

ಕೆಪಾಸಿಟರ್ ಪ್ರಯೋಗ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳಿದರೆ ಸಾಕು. ಬ್ಯಾಟರಿಯಿಂದ ತುಂಬಿಸಿದ ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡುತ್ತ ವೋಲ್ಟೇಜ್ ಓದುವುದು: 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 47 ಕಿಲೋಓಂ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಹತ್ತು ಸೆಕೆಂಡಿಗೊಂದು ಓದು. ಲೆಕ್ಕದ ಅರ್ಧಾಯು 32.6 ಸೆಕೆಂಡ್. ಕೆಪಾಸಿಟರ್ ಮೇಲೆ ಬರೆದ ಬೆಲೆ ಶೇ. 20ರಷ್ಟು ಆಚೀಚೆ ಇರಬಹುದು, ಆದ್ದರಿಂದ 28 ಬಂದರೂ 37 ಬಂದರೂ ಗಾಬರಿ ಬೇಡ. ಸತತ ಅರ್ಧಗಳು ಸಮ ಇವೆಯೇ ನೋಡಿ. ದೊಡ್ಡ ರೆಸಿಸ್ಟರ್ ಹಾಕುವ ಆಸೆ ಬೇಡ. ಕಡಿಮೆ ಬೆಲೆಯ ಮಲ್ಟಿಮೀಟರಿನ ಒಳರೋಧ 1 ಮೆಗಾಓಂ ಇರುತ್ತದೆ. ನೀವೂ 1 ಮೆಗಾಓಂ ಹಾಕಿದರೆ ಮೀಟರೇ ಅರ್ಧ ಚಾರ್ಜನ್ನು ಹೀರಿ ಅರ್ಧಾಯು ಅರ್ಧವಾಗುತ್ತದೆ. ಕೆಪಾಸಿಟರಿನ ಋಣ ತುದಿ ಬ್ಯಾಟರಿಯ ಋಣಕ್ಕೇ ಹೋಗಲಿ, ತಿರುಗಿಸಿ ಹಾಕಿದರೆ ಅದು ಬಿಸಿಯಾಗಿ ಸಿಡಿಯಬಹುದು.

ನಿಜವಾದ ವಿಕಿರಣ ತೋರಿಸಬೇಕೆಂಬ ಆಸೆ ಇರುವವರು ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಹುಡುಕಿಕೊಂಡು ಹೋಗಬೇಡಿ. ಹಳೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು. ಉರಿದ ಮೇಲೆ ಅದು ಪುಡಿಪುಡಿ, ಉಸಿರಿನ ಜೊತೆ ಒಳಹೋದರೆ ಅಲ್ಲೇ ಕೂರುತ್ತದೆ. ವಿಕಿರಣ ಮೂಲಗಳನ್ನು ಇಟ್ಟುಕೊಳ್ಳುವುದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಗೊಬ್ಬರದಂಗಡಿಯ ಪೊಟ್ಯಾಷ್‌ನಲ್ಲಿ ಇಂಥ ಯಾವ ತೊಂದರೆಯೂ ಇಲ್ಲ. ಅದರಲ್ಲಿರುವ ಪೊಟ್ಯಾಸಿಯಂನಲ್ಲಿ ಶೇ. 0.0117ರಷ್ಟು ವಿಕಿರಣಶೀಲ ಪೊಟ್ಯಾಸಿಯಂ-40 ಇದೆ, ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಕ್ಷಯ.

ವಿಕಿರಣ ಎಣಿಸುವ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್ ಎರವಲಿಗೆ ಸಿಕ್ಕಿದರೆ ಮೊದಲು ಖಾಲಿ ಜಾಗದಲ್ಲಿ 10 ನಿಮಿಷ, ಆಮೇಲೆ ಯೂರಿಯಾ ಇಟ್ಟು 10 ನಿಮಿಷ, ಕೊನೆಗೆ ಪೊಟ್ಯಾಷ್ ಇಟ್ಟು 10 ನಿಮಿಷ ಎಣಿಸಿ. ಯೂರಿಯಾದಲ್ಲಿ ಪೊಟ್ಯಾಸಿಯಂ ಇಲ್ಲ, ಖಾಲಿ ಜಾಗದ ಎಣಿಕೆಯೇ ಬರುತ್ತದೆ. ಪೊಟ್ಯಾಷ್ ಅನ್ನು ಅರ್ಧ ಸೆಂ.ಮೀ.ಗಿಂತ ದಪ್ಪ ಹರಡುವುದರಿಂದ ಲಾಭವಿಲ್ಲ, ಕ್ಷಯದಲ್ಲಿ ಕೆಳಗಿನ ಪದರದಿಂದ ಹೊರಡುವ ಬೀಟಾ ಕಣಗಳು ಮೇಲಿನ ಪದರದಲ್ಲೇ ನಿಂತುಬಿಡುತ್ತವೆ. ಅದು ತೇವ ಹೀರುತ್ತದೆ, ಕೌಂಟರಿನ ಕಿಟಕಿಗೆ ತಾಗದಂತೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಎಣಿಕೆ ಇಂದು ಎಷ್ಟೋ ಮುಂದಿನ ವರ್ಷವೂ ಅಷ್ಟೇ.

ಹಾಗಾದರೆ ಅರ್ಧವಾಗುವುದನ್ನು ಕಾಯದೆ ಅರ್ಧಾಯು ತಿಳಿಯುವುದು ಹೇಗೆ? ಲೆಕ್ಕ ಹಲಗೆಯ ಮೇಲೆ ಎರಡು ಸಾಲಿನದು. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿರುವ ಪೊಟ್ಯಾಸಿಯಂ-40 ಪರಮಾಣುಗಳು 1.8 ಗುಣಿಸು 10ರ 18ನೆಯ ಘಾತ. ಸೆಕೆಂಡಿಗೆ 31 ಕ್ಷಯವನ್ನು ಅದರಿಂದ ಭಾಗಿಸಿದರೆ ಕ್ಷಯ ಸ್ಥಿರಾಂಕ, 0.693ನ್ನು ಆ ಸ್ಥಿರಾಂಕದಿಂದ ಭಾಗಿಸಿ ವರ್ಷಕ್ಕೆ ತಂದರೆ ಸುಮಾರು 128 ಕೋಟಿ ವರ್ಷ. ಒಪ್ಪಿತ ಬೆಲೆ 125 ಕೋಟಿ. ಮೊದಲ ಎಸೆತದಲ್ಲಿ 240ಕ್ಕೆ 40 ಹೋದದ್ದನ್ನು ನೋಡಿಯೇ ದಾಳದ ಅರ್ಧಾಯು ಹೇಳಿದ ಹಾಗೆ.

ಈಗ ಕಿಟಕಿಯಾಚೆ ಕೈ ತೋರಿಸಿ. ಭೂವಿಜ್ಞಾನಿಗಳು ಚಿತ್ರದುರ್ಗ ಗ್ರಾನೈಟ್ ಎಂದು ಹೆಸರಿಟ್ಟಿರುವ ಕಲ್ಲಿನ ವಯಸ್ಸು ಸುಮಾರು 260 ಕೋಟಿ ವರ್ಷ, ಅಂದರೆ ಪೊಟ್ಯಾಸಿಯಂ-40ರ ಎರಡು ಅರ್ಧಾಯುವಿಗಿಂತ ತುಸು ಹೆಚ್ಚು. ಆ ಕಲ್ಲು ಹೆಪ್ಪುಗಟ್ಟಿದಾಗ ಅದರಲ್ಲಿ ಈಗಿನ ನಾಲ್ಕು ಪಟ್ಟು ಪೊಟ್ಯಾಸಿಯಂ-40 ಇತ್ತು. ಎರಡು ಅರ್ಧಾಯು ಕಳೆದೂ ಕಾಲುಭಾಗ ಅಲ್ಲೇ ಕೂತಿದೆ. ‘16 ದಿನಕ್ಕೆ ಪೂರ್ತಿ ಖಾಲಿ’ ಎಂದವರಿಗೆ ತೋರಿಸಲು ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದಿಲ್ಲ.

ಮನೆಗೆಲಸಕ್ಕೆ ಬ್ರಹ್ಮಗಿರಿಯ ಲೆಕ್ಕ ಕೊಡಬಹುದು. ಮೊಳಕಾಲ್ಮುರು ತಾಲ್ಲೂಕಿನ ಆ ಊರಿನಲ್ಲಿ ಅಶೋಕನ ಶಾಸನವಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಾಗ ವಿಕಿರಣಶೀಲ ಇಂಗಾಲ-14ರಿಂದ ಕಾಲ ಹೇಳುವ ವಿಧಾನ ಇನ್ನೂ ಬಂದಿರಲಿಲ್ಲ, ರಸಾಯನವಿಜ್ಞಾನಿ ಲಿಬ್ಬಿ ಅದನ್ನು ಪ್ರಕಟಿಸಿದ್ದು 1949ರಲ್ಲಿ. ಶಾಸನ ಕೆತ್ತಿದ ಕಾಲದ, 2250 ವರ್ಷ ಹಳೆಯ ಇದ್ದಿಲಿನ ಚೂರೊಂದು ಸಿಕ್ಕಿತೆಂದುಕೊಳ್ಳಿ. ಅರ್ಧಾಯು 5730 ವರ್ಷವಾದ್ದರಿಂದ ಅದರಲ್ಲಿ ಶೇ. 76ರಷ್ಟು ಇಂಗಾಲ-14 ಉಳಿದಿರುತ್ತದೆ. ಮಕ್ಕಳಿಗೆ ಶೇ. 76 ಮಾತ್ರ ಹೇಳಿ, ವಯಸ್ಸನ್ನು ತಮ್ಮದೇ ದಾಳದ ಗ್ರಾಫಿನಿಂದ ಓದಿಸಿ. 3.8 ಎಸೆತಕ್ಕೆ 5730 ವರ್ಷವಾದರೆ ಒಂದು ಎಸೆತಕ್ಕೆ ಸುಮಾರು 1500. 240ರ ಶೇ. 76 ಅಂದರೆ 182 ದಾಳ. ಅದು ಗೆರೆಯಲ್ಲಿ ಒಂದೂವರೆ ಎಸೆತದ ಹತ್ತಿರ ಸಿಗುತ್ತದೆ. ಆದರೆ ಅಲ್ಲಿ ದಾಳದ ಎಣಿಕೆ ಆರೇಳು ಆಚೀಚೆ ಆಡುವುದು ಸಹಜ, ಆರೇಳು ದಾಳ ಅಂದರೆ 300 ವರ್ಷ. ಉತ್ತರವನ್ನು 2250, ಹೆಚ್ಚುಕಡಿಮೆ 300 ವರ್ಷ ಎಂದೇ ಬರೆಸಿ.